ಎರಡು ಹೋಳಿನ ಕೀಬೋರ್ಡು

ನಮ್ಮೂರಿಗೆ ಹೊಸಬರು ಯಾರಾದರೂ ಬಂದರೆ ಅವರಿಗೆ ಮೊದಲು ನಗು ಬರೋದು ನಾವು ತೆಂಗಿನಕಾಯಿ ಒಡೆಯೋದನ್ನ ನೋಡಿ. ಒಬ್ಬರು ಕಾಯಿ ಹಿಡಿದಿರುತ್ತಾರೆ, ಇನ್ನೊಬ್ಬರು ಕತ್ತಿ ಬೀಸುತ್ತಾರೆ. "ಇಷ್ಟಕ್ಕೆ ಇಬ್ಬರು ಬೇಕೇನಮ್ಮ?" ಅಂತ ಕೇಳುತ್ತಾರೆ. ಬೇಕು ಕಣಪ್ಪ. ನಮ್ಮೂರಲ್ಲಿ ಹುಟ್ಟಿದವರಿಗೆ ದುಡಿಯೋ ಕೈ ಒಂದೇ. ಕೆಲವರಿಗೆ ಎಡಗೈ, ಕೆಲವರಿಗೆ ಬಲಗೈ. ಇನ್ನೊಂದು ಇಲ್ಲ ಅಂತಲ್ಲ. ಅದಕ್ಕೂ ಬಳೆ ತೊಡಿಸುತ್ತೇವೆ, ಸೊಳ್ಳೆ ಕಚ್ಚಿದರೆ ಅದಕ್ಕೂ ಗೊತ್ತಾಗುತ್ತೆ, ಆದರೆ ಸೊಳ್ಳೆ ಓಡಿಸೋ ತಾಪತ್ರಯಕ್ಕೆ ಮಾತ್ರ ಅದು ಹೋಗೋದಿಲ್ಲ. ಹಾಗಾಗಿ ಹೂ ಕಟ್ಟೋಕೆ, ಜಡೆ ಹೆಣೆಯೋಕೆ, ಪಂಚೆ ಉಡೋಕೆ, ಎಲ್ಲದಕ್ಕೂ ಇಬ್ಬರು. ಒಂದು ಕೈಯಲ್ಲಿ ಚಪ್ಪಾಳೆ ಆಗೋದಿಲ್ಲ ಅನ್ನೋದು ಬೇರೆ ಊರಿನವರಿಗೆ ಗಾದೆ. ನಮಗೆ ಅದು ದಿನ ಬೆಳಗಾದರೆ ಇರೋ ಕಥೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅನ್ನೋ ಮಾತಂತೂ ನಮ್ಮಲ್ಲಿ ನಡೆಯೋದೇ ಇಲ್ಲ, ಯಾಕಂದರೆ ನಮ್ಮ ಬಲಗೈ ಪಕ್ಕದ ಮನೆ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇರುತ್ತೆ.

ನನ್ನದು ಎಡಗೈ. ನನ್ನ ಬಲಗೈ ಅಂದರೆ ದಾಕ್ಷಾಯಿಣಿ, ನನ್ನ ಬಾಯಲ್ಲಿ ದಾಕ್ಷಕ್ಕ. ಇದಕ್ಕೆ ನಾವು ಜೊತೆಗೈ ಅಂತೀವಿ. ಗಂಡ ಹೆಂಡಿರ ಮಾತು ಬೇರೆ, ಜೊತೆಗೈ ಮಾತು ಬೇರೆ. ಜೊತೆಗೈಯನ್ನ ಹಿರಿಯರು ಚಿಕ್ಕಂದಿನಲ್ಲೇ ಗೊತ್ತು ಮಾಡಿಬಿಡುತ್ತಾರೆ, ಆಮೇಲೆ ಅವರವರ ಹಣೆಬರಹ. ನನ್ನ ಹಣೆಗೆ ಬರೆದಿದ್ದು ಊರಿಗೇ ದೊಡ್ಡ ಬಾಯಿಯವಳು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು, ಅಷ್ಟಕ್ಕೇ ಯಜಮಾನಿಕೆ. "ಲೇ ಅಂಬು, ನೀನು ಜಡೆ ಹಾಕ್ತಿದ್ದೀಯೋ ಹಗ್ಗ ಹೊಸೀತಿದ್ದೀಯೋ?" ಅಂತ ಬೈದುಕೊಂಡೇ ನನ್ನ ಮದುವೆಗೆ ನನ್ನ ಜೊತೆ ಕೂತು ಹೂ ಕಟ್ಟಿದಳು, ಬೈದುಕೊಂಡೇ ನನ್ನ ಮಕ್ಕಳಿಗೆ ಎಣ್ಣೆ ನೀರು ಎರೆದಳು. ನನ್ನ ಗಂಡ ತೀರಿಹೋದಾಗ ಮಾತ್ರ ಬೈಯಲಿಲ್ಲ, ನನ್ನ ಪಕ್ಕ ಬಿಟ್ಟು ಏಳಲೂ ಇಲ್ಲ.

ನಾವಿಬ್ಬರೂ ಊರ ಕಚೇರಿಯಲ್ಲಿ ಟೈಪು ಮಾಡೋ ಕೆಲಸಕ್ಕಿದ್ದೆವು. ಒಂದೇ ಬೆಂಚು, ಒಂದೇ ಕೀಬೋರ್ಡು. ಸೊಂಟಕ್ಕೆ ಸೊಂಟ ತಾಗಿಸಿ ಕೂರಬೇಕು. ಕನ್ನಡದ ದೀರ್ಘ, ಗುಡಿಸು, ಕೊಂಬು, ಸೊನ್ನೆ ಎಲ್ಲ ಎಡಗಡೆ, ಅಂದರೆ ನನ್ನ ಪಾಲಿಗೆ. ಜೊತೆಗೆ ಮ, ನ, ವ ಥರದ ನಾಲ್ಕಾರು ಅಕ್ಷರ. ಮಿಕ್ಕ ಕ, ಗ, ತ, ದ, ಸ, ಹ ಎಲ್ಲ ಬಲಗಡೆ, ಅವಳ ಪಾಲಿಗೆ. ಅವಳು ಅಕ್ಷರ ಇಟ್ಟರೆ ನಾನು ಅದಕ್ಕೆ ಕೊಂಬೋ ದೀರ್ಘವೋ ಕೊಡಬೇಕು. ಹೀಗೆ ಊರಿನ ಹುಟ್ಟು ಸಾವು, ನಲ್ಲಿ ನೀರಿನ ಪ್ರಕಟಣೆ, ಮದುವೆ ಕರೆಯೋಲೆ ಎಲ್ಲ ನಮ್ಮಿಬ್ಬರ ನಡುವೆ ಹುಟ್ಟಿಕೊಂಡವು. ಅವಳ ಮೊಣಕೈ ದಿನವಿಡೀ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಇಬ್ಬರೂ ಒಳಕ್ಕೆ ಮಡಚಿಕೊಂಡು ಕೂತೂ ಕೂತೂ ನನ್ನ ಮಣಿಕಟ್ಟು ಬಾತುಕೊಂಡಿತು, ಅವಳ ಭುಜ ಹಿಡಿದುಕೊಂಡಿತು. ಸಂಜೆ ಮನೆಗೆ ಹೋಗುವಾಗ ಒಂದು ಲೋಟ ಎತ್ತೋಕೂ ಪ್ರಾಣ ಹೋಗುತ್ತಿತ್ತು. ಕಡೆಗೆ ಕಚೇರಿಯವರು ಕನಿಕರ ಪಟ್ಟು, ಕೈನೋವಿನವರಿಗೆ ಅಂತಲೇ ಮಾಡಿದ ಕೀಬೋರ್ಡು ಹೊರಗಡೆ ಊರಿನಿಂದ ತರಿಸಿದರು.

ಡಬ್ಬಿ ಬಿಚ್ಚಿದಾಗ ದಾಕ್ಷಕ್ಕ ಹೌಹಾರಿದಳು. "ಅಯ್ಯಯ್ಯೋ, ದಾರೀಲಿ ಮುರಿದು ಎರಡು ಹೋಳಾಗಿದೆ ಕಣೇ!" ನಾನು ಹೋಳುಗಳನ್ನ ತಿರುಗಿಸಿ ನೋಡಿದೆ. ಮುರಿದ ಗುರುತಿಲ್ಲ, ಅಂಚು ನುಣ್ಣಗಿದೆ. ನಡುವೆ ಒಂದು ವೈರೂ ಇಲ್ಲ. ಎಡಹೋಳು ಬೇರೆ, ಬಲಹೋಳು ಬೇರೆ, ಎರಡಕ್ಕೂ ಅಡಿಯಲ್ಲಿ ಪುಟ್ಟ ಕಾಲುಗಳು, ಬೇಕಾದಷ್ಟು ಓರೆ ಮಾಡಿ ನಿಲ್ಲಿಸಬಹುದು. ಜೊತೆಗಿದ್ದ ಕಾಗದದಲ್ಲಿ ಒಂದು ಚಿತ್ರ ಇತ್ತು. ಒಬ್ಬನೇ ಒಬ್ಬ ಮನುಷ್ಯ ಎರಡೂ ಹೋಳಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಗುತ್ತಾ ಕೂತಿದ್ದ. ದಾಕ್ಷಕ್ಕ ಆ ಚಿತ್ರವನ್ನ ಬಹಳ ಹೊತ್ತು ನೋಡಿದಳು. "ಪಾಪ, ಒಬ್ಬನೇ ಕಣೇ. ಜೊತೆಗೈ ಸಿಕ್ಕಿಲ್ಲ ಅನ್ಸುತ್ತೆ. ಆದ್ರೂ ಹೆಂಗೆ ನಗ್ತಾನೆ ನೋಡು, ಗಟ್ಟಿ ಜೀವ," ಅಂದಳು.

ಅದನ್ನ ಕೂಡಿಸೋದರಲ್ಲಿ ಒಂದು ಬೆಳಗು ಪೂರ್ತಿ ಹೋಯಿತು. ಎರಡು ಹೋಳಿಗೂ ಬೇರೆ ಬೇರೆ ವೈರು ಚುಚ್ಚಿ ಕರೆಂಟು ತುಂಬಿಸಿದೆವು. ಆಮೇಲೆ ಗುಂಡಿ ಒತ್ತಿ ಎಬ್ಬಿಸಬೇಕು. ನಮ್ಮೂರಲ್ಲಿ ಯಾವ ಕೆಲಸಕ್ಕೂ ಬಲಗೈಯವರೇ ಮೊದಲು ಕೈ ಹಾಕೋದು, ಎಡಗೈಯವರು ಆಮೇಲೆ, ಅದು ಮರ್ಯಾದೆ. ಹಾಗಾಗಿ ದಾಕ್ಷಕ್ಕ ತನ್ನ ಹೋಳಿನ ಗುಂಡಿ ಒತ್ತಿದಳು. ನೀಲಿ ದೀಪ ಮಿಣುಕಿತು, ಆರಿಹೋಯಿತು. ಮತ್ತೆ ಒತ್ತಿದಳು, ಮತ್ತೆ ಆರಿತು. ಶಾಪ ಹಾಕಿದಳು, ಊದಿದಳು, ಸೆರಗಿನಿಂದ ಒರೆಸಿದಳು. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಎಡಹೋಳನ್ನ ಮೊದಲು ಎಬ್ಬಿಸಿ ಕಂಪ್ಯೂಟರಿಗೆ ಪರಿಚಯ ಮಾಡಿಸಬೇಕು, ಬಲಹೋಳು ಎಡಹೋಳಿನ ಹಿಂದೆ ಬರುತ್ತೆ ಅಂತ. ನಾನು ಓದಿ ಹೇಳಿದೆ. "ಯಾರೋ ತಲೆಕೆಟ್ಟವರು ಬರೆದಿದ್ದಾರೆ, ಬಿಸಾಕು," ಅಂದಳು. ಊಟದ ಹೊತ್ತಿಗೆ ಸೋತು, "ಆಯ್ತು ಮಹಾರಾಣಿ, ನೀನೇ ಮೊದಲು ಒತ್ತು," ಅಂತ ಮುಖ ತಿರುಗಿಸಿ ಕೂತಳು. ನಾನು ಒತ್ತಿದೆ. ನನ್ನ ದೀಪ ಹತ್ತಿತು, ಪರದೆಯ ಮೇಲೆ ಕೀಬೋರ್ಡಿನ ಹೆಸರು ಬಂತು, ಅದನ್ನ ಆರಿಸಿದೆ. ಆಮೇಲೆ ಅವಳು ಒತ್ತಿದಳು. ಎರಡು ದೀಪವೂ ಒಟ್ಟಿಗೆ ನಿಂತವು.

ಆವತ್ತು ಅವಳು ತನ್ನ ಹೋಳನ್ನ ಎತ್ತಿಕೊಂಡು ಕಿಟಕಿ ಪಕ್ಕಕ್ಕೆ ಹೋದಳು. ಸ್ಟೂಲಿನ ಮೇಲೆ ಕಾಲು ಚಾಚಿ, ತೊಡೆ ಮೇಲೆ ಹೋಳು ಇಟ್ಟುಕೊಂಡು, ಭುಜ ಬಿಟ್ಟು ಒರಗಿದಳು. ನಾನು ಬಾಗಿಲ ಹತ್ತಿರ. ಮೊದಲ ಸಾಲು ಹೊಡೆದೆವು. ಅಬ್ಬಾ, ಏನು ಹೇಳಲಿ! ಅವಳು ಅಲ್ಲಿ, ನಾನು ಇಲ್ಲಿ, ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲ, ಆದರೂ ಪರದೆಯ ಮೇಲೆ ಅವಳ ಅಕ್ಷರದ ಬೆನ್ನಿಗೆ ನನ್ನ ಕೊಂಬು ಹೋಗಿ ಕೂರುತ್ತಿತ್ತು. ಕೀಲಿಗಳೋ, ಹಳೆಯದರ ಹಾಗೆ ಕುಟ್ಟಬೇಕಾಗಿರಲಿಲ್ಲ, ಬೆರಳು ಇಟ್ಟರೆ ಸಾಕು, ಇಳಿದುಬಿಡುತ್ತಿದ್ದವು. ಇಡೀ ಕಚೇರಿ ಬಂದು ಬಾಯಿ ತೆರೆದುಕೊಂಡು ನಿಂತಿತು. ಯಾರೋ ನಮ್ಮಿಬ್ಬರ ನಡುವೆ ಕೈ ಆಡಿಸಿ ನೋಡಿದರು, ದಾರ ಏನಾದರೂ ಇದೆಯೋ ಅಂತ. ನನ್ನ ಮಣಿಕಟ್ಟು ನೋಯಲಿಲ್ಲ. ಆದರೆ ಪಕ್ಕೆ ಖಾಲಿ ಖಾಲಿ ಅನ್ನಿಸುತ್ತಿತ್ತು, ಅದನ್ನ ಅವಳಿಗೆ ಹೇಳೋಕೆ ಹೋಗಲಿಲ್ಲ, ಹೇಳಿದ್ದರೆ ಆಡಿಕೊಂಡು ಸಾಯಿಸುತ್ತಿದ್ದಳು.

ಮುಂಗಾರು ಮುಗಿಯೋ ಹೊತ್ತಿಗೆ ದಾಕ್ಷಕ್ಕನಿಗೆ ಜ್ವರ ಬಂತು. ಬಂದದ್ದು ತಲೆಗೇರಿತು. ಜ್ವರ ಇಳಿದಾಗ ಅದರ ಜೊತೆ ಅವಳ ಮಾತೂ ಹೋಗಿತ್ತು. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ಆದರೆ ಯಾರು ಬಂದರೂ ಅದು ಅಲುಗುತ್ತಿರಲಿಲ್ಲ. ಸೊಸೆ ಮಹಾದೇವಿ ಚಮಚದಲ್ಲಿ ಗಂಜಿ ಬಾಯಿಗೆ ಬಿಟ್ಟರೆ ನುಂಗುತ್ತಿದ್ದಳು, ಅಷ್ಟೇ. ಬಲಗೈ ಕಂಬಳಿ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ವೈದ್ಯರಿಬ್ಬರು ಬಂದರು, ಒಬ್ಬರು ನಾಡಿ ಹಿಡಿದರು, ಇನ್ನೊಬ್ಬರು ಎದೆಗೆ ಕೊಳವೆ ಇಟ್ಟರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಒಳಗೆ ಯಾರೂ ಇದ್ದ ಹಾಗೆ ಕಾಣೋದಿಲ್ಲಮ್ಮ," ಅಂದರು. ನನಗೆ ಬಂದ ಸಿಟ್ಟಿಗೆ ಮಿತಿ ಇಲ್ಲ. ಅಂಥ ಬಾಯಿಬಡುಕಿ ಹೇಳದೆ ಕೇಳದೆ ಹೊರಟುಹೋಗ್ತಾಳಾ? ಹೋಗೋ ಮುಂಚೆ ನನ್ನನ್ನ ಒಂದು ಸಲ ಬೈಯದೆ?

ಆದರೆ ನಮ್ಮೂರಿನ ಕಟ್ಟಳೆ ನನ್ನ ಸಿಟ್ಟಿಗೆ ಕಾಯೋದಿಲ್ಲ. ಜೊತೆಗೈಯಲ್ಲಿ ಒಬ್ಬರ ಕೈ ಕೆಲಸಕ್ಕೆ ಬಾರದೆ ಹೋದರೆ ಹಿರಿಯರು ಬಂದು ಚಪ್ಪಾಳೆ ಕೇಳುತ್ತಾರೆ. ಜೊತೆಗಾತಿ ಅಂಗೈ ಮುಂದೆ ಹಿಡೀಬೇಕು, ಮಲಗಿದವರು ಅದಕ್ಕೆ ತಟ್ಟಬೇಕು. ತಟ್ಟದಿದ್ದರೆ ಮುಂದಿನ ಹುಣ್ಣಿಮೆಗೆ ಕೈ ಬಿಡಿಸೋದು. ಉಳಿದವಳ ಕೈಯನ್ನ ಅರಿಶಿನದ ನೀರಲ್ಲಿ ತೊಳೆದು ಹೊಸ ಜೊತೆಗೆ ಒಪ್ಪಿಸುತ್ತಾರೆ. ಬಿದ್ದವಳನ್ನ ಊರಾಚೆಯ ಛತ್ರಕ್ಕೆ ಒಯ್ಯುತ್ತಾರೆ. ಅಲ್ಲಿ ಊಟಕ್ಕೇನೂ ಕಡಿಮೆ ಇಲ್ಲ, ಸರದಿ ಮೇಲೆ ತುತ್ತು ಇಡೋರಿದ್ದಾರೆ. ಆದರೆ ಹಳೇ ಜೊತೆಗೈ ಆ ಕಡೆ ತಲೆ ಹಾಕೋ ಹಾಗಿಲ್ಲ, ಕೈಗೆ ಗೊಂದಲವಾಗುತ್ತೆ ಅಂತ. ಛತ್ರಕ್ಕೆ ಹೋದವರು ಯಾರೂ ಬಹಳ ದಿನ ಬಾಳಿದ್ದನ್ನ ನಾನು ಕಂಡಿಲ್ಲ.

ಹಿರಿಯರು ಬಂದರು. ಬಲಗೈಯ ಗುರುಪಾದಯ್ಯನವರು, ಎಡಗೈಯ ಹುಸೇನಪ್ಪನವರು. ಒಳ್ಳೆಯವರೇ, ಕಟುಕರಲ್ಲ. ನಾನು ಅಂಗೈ ಹಿಡಿದೆ. "ದಾಕ್ಷಕ್ಕ, ತಟ್ಟೇ. ಹೊಡಿಯೇ ಒಂದೇಟು. ಕೆನ್ನೆಗೆ ಬೇಕಾದ್ರೂ ಹೊಡಿ," ಅಂದೆ. ಕೈ ಕಂಬಳಿ ಬಿಟ್ಟು ಏಳಲಿಲ್ಲ. ಗುರುಪಾದಯ್ಯನವರು ತಲೆ ತಗ್ಗಿಸಿಕೊಂಡು ಎದ್ದುಹೋದರು. ಎಣ್ಣೆಗಾಣದ ಕೇರಿಯ ಒಬ್ಬಳನ್ನ ನನಗೆ ಗೊತ್ತು ಮಾಡಿದ್ದಾರೆ ಅಂತ ಆಮೇಲೆ ತಿಳಿಯಿತು.

ಹುಣ್ಣಿಮೆ ದಿನ ಬೆಳಗ್ಗೆ ನಾನು ದಾಕ್ಷಕ್ಕನ ಕೈ ಒರೆಸುತ್ತಾ ಕೂತಿದ್ದೆ. ಇದೇ ಕೊನೆ ಸಲ ಅಂತ ಗೊತ್ತಿತ್ತು, ಅಳು ತಡೆಯೋಕೆ ಆಗುತ್ತಿರಲಿಲ್ಲ. ಒದ್ದೆ ಬಟ್ಟೆ ತೆಗೆದು ಕೈಯನ್ನ ಕಂಬಳಿ ಮೇಲೆ ಇಟ್ಟಾಗ ನೋಡುತ್ತೇನೆ, ಬೆರಳುಗಳು ಚಪ್ಪಟೆಯಾಗಿ ಬೀಳಲಿಲ್ಲ, ಒಂದೊಂದೂ ತನ್ನ ಜಾಗ ಹುಡುಕಿಕೊಂಡು ಸ್ವಲ್ಪ ಬಾಗಿ ನಿಂತವು. ಕೀಬೋರ್ಡಿನ ನಡು ಸಾಲಿನ ಮೇಲೆ ಅವಳು ಬೆರಳಿಡುತ್ತಿದ್ದ ರೀತಿ ಅದೇ. ಅಲ್ಲ, ಚಪ್ಪಾಳೆಗೆ ತೋಳು ಎತ್ತಬೇಕು. ಈ ಕೀಲಿ ಒತ್ತೋಕೆ ಬೆರಳ ತುದಿ ಸಾಕಲ್ಲ! ಎದ್ದವಳೇ ಕಚೇರಿಗೆ ಓಡಿದೆ. ಕಚೇರಿಯ ಲ್ಯಾಪ್‌ಟಾಪನ್ನೂ ಎರಡು ಹೋಳುಗಳನ್ನೂ ಚೀಲಕ್ಕೆ ತುಂಬಿ, ಒಂದೇ ಕೈಯಲ್ಲಿ ಎದೆಗವಚಿಕೊಂಡು ತಂದೆ.

ಎಡಹೋಳು ಎಬ್ಬಿಸಿದೆ, ಬಲಹೋಳು ಎಬ್ಬಿಸಿ ಅವಳ ಬೆರಳಡಿಗೆ ಸೇರಿಸಿದೆ. ಹಾಸಿಗೆ ಮೇಲೆ ಅವಳ ಪಕ್ಕಕ್ಕೆ ಅಂಟಿಕೊಂಡೇ ಕೂತೆ. ಏನೂ ಬರಲಿಲ್ಲ. ನಾನು ನನ್ನ ಕೀಲಿಗಳನ್ನ ಒತ್ತಿದೆ. ಆದರೆ ಅಕ್ಷರವೇ ಇಲ್ಲದೆ ಕೊಂಬು ಯಾವುದಕ್ಕೆ ಕೂರಬೇಕು? ಪರದೆಯ ಮೇಲೆ ಒಂದು ಚುಕ್ಕಿಚುಕ್ಕಿಯ ಖಾಲಿ ಸೊನ್ನೆ ಬಂತು, ನನ್ನ ಕೊಂಬು ಅದಕ್ಕೆ ಜೋತುಬಿತ್ತು. ಇನ್ನೊಂದು ಒತ್ತಿದೆ, ಇನ್ನೊಂದು ಖಾಲಿ ಸೊನ್ನೆ. ನೋಡೋಕಾಗದೆ ಎಲ್ಲ ಒರೆಸಿಹಾಕಿ ಕಾದೆ. ಎಷ್ಟು ಹೊತ್ತು ಕಾದೆನೋ, ಪರದೆಯ ಮೇಲೆ ಒಂದು ರ ಬಂತು. ಅದರ ಹಿಂದೆ ಇನ್ನೊಂದು. ರರರರರ ಅಂತ ಸಾಲು ಹರಿಯಿತು. ನಾನು ಕಿರುಚಿಕೊಂಡೆ. ಮಹಾದೇವಿ ಓಡಿಬಂದಳು, ಅವಳ ಹಿಂದೆಯೇ ಹಿರಿಯರೂ ಒಳಗೆ ಬಂದರು, ಅರಿಶಿನದ ನೀರಿನ ಬಟ್ಟಲ ಸಮೇತ.

"ಅಂಬುಜಮ್ಮ, ನಿಮ್ಮ ಸಂಕಟ ನಮಗೆ ತಿಳಿಯುತ್ತೆ," ಅಂದರು ಗುರುಪಾದಯ್ಯನವರು. "ಆದರೆ ಇದು ಕೈಯ ಭಾರಕ್ಕೆ ಬಂದದ್ದು. ಬೆಕ್ಕು ಮಲಗಿದರೂ ಹೀಗೇ ಬರುತ್ತೆ. ಮೇಲಾಗಿ ನೀವು ಅವರ ಮೈಗೆ ಮೈ ತಾಗಿಸಿ ಕೂತಿದ್ದೀರಿ." ನಿಜ ಹೇಳಬೇಕಂದರೆ ನನಗೂ ಒಳಗೊಳಗೇ ಅದೇ ಅನುಮಾನ. ಆದರೂ ಸೋಲೋಕೆ ಮನಸ್ಸು ಒಪ್ಪಬೇಕಲ್ಲ. "ಹಾಗಾದ್ರೆ ನಾನು ಪಕ್ಕದಲ್ಲಿ ಇರೋದಿಲ್ಲ ಸ್ವಾಮಿ. ಆಚೆ ಹೋಗ್ತೀನಿ. ಇದಕ್ಕೆ ವೈರಿಲ್ಲ. ನೀವೇ ಪರದೆ ನೋಡ್ತಾ ಕೂತ್ಕೊಳ್ಳಿ. ಹುಸೇನಪ್ಪನವರು ಇಲ್ಲೇ ನಿಂತು ಅವಳ ಕೈ ನೋಡಲಿ," ಅಂದೆ. ಹುಸೇನಪ್ಪನವರು, "ಇರಲಿ ಬಿಡಯ್ಯ, ಒಂದು ಗಳಿಗೆ. ನಮ್ಮ ಗಂಟೇನು ಹೋಗುತ್ತೆ," ಅಂತ ಮಂಚದ ಪಕ್ಕ ನಿಂತರು. ಅವಳ ಕೈಯನ್ನ ಹೋಳಿನ ಮೇಲೆ ಹಗುರಾಗಿ ಇಟ್ಟು ನಾನು ನನ್ನ ಹೋಳು ಎತ್ತಿಕೊಂಡು ಹೊರಟೆ.

ಜಗಲಿಯಲ್ಲಿ ಆಗಲೇ ಬೀದಿಯ ಜನ ಸೇರಿದ್ದರು. ಎಣ್ಣೆಗಾಣದ ಕೇರಿಯವಳೂ ಹೊಸ ಸೀರೆ ಉಟ್ಟು ಕಂಬಕ್ಕೆ ಒರಗಿ ನಿಂತಿದ್ದಳು, ಅವಳದೇನು ತಪ್ಪು. ಲ್ಯಾಪ್‌ಟಾಪನ್ನ ಗುರುಪಾದಯ್ಯನವರ ತೊಡೆ ಮೇಲೆ ಇಟ್ಟೆ. ರರರರರ ಹಾಗೇ ನಿಂತಿತ್ತು, ಅದರ ಮುಂದೆ, ಮುಂದಿನ ಅಕ್ಷರದ ಜಾಗ ತೋರಿಸೋ ಕಡ್ಡಿ ಮಿಟುಕುತ್ತಿತ್ತು. ನಾವೆಲ್ಲ ಆ ಕಡ್ಡಿಯನ್ನೇ ನೋಡುತ್ತಾ ಕೂತೆವು. ಬಟ್ಟಲಲ್ಲಿ ಅರಿಶಿನ ತಳಕ್ಕೆ ಕೂತಿತು. ಗುರುಪಾದಯ್ಯನವರು ನಿಟ್ಟುಸಿರು ಬಿಟ್ಟು, ಲ್ಯಾಪ್‌ಟಾಪು ಮುಚ್ಚೋಣ ಅಂತ ಕೈ ಎತ್ತಿದರು.

ಆಗ ಕೊನೆಯ ರ ಮಾಯವಾಯಿತು. ಗುರುಪಾದಯ್ಯನವರ ಕೈ ಅಲ್ಲೇ ನಿಂತಿತು. ಅದರ ಹಿಂದಿನ ರ ಹೋಯಿತು. ಇನ್ನೊಂದು. ಇನ್ನೊಂದು. ಒರೆಸೋ ಕೀಲಿ ಇರೋದು ಬಲಹೋಳಿನ ಮೇಲ್ಗಡೆ ಮೂಲೆಯಲ್ಲಿ, ಕಿರುಬೆರಳು ಚಾಚದೆ ಅದು ಸಿಗೋದಿಲ್ಲ. ಸಾಲು ಪೂರ್ತಿ ಬರಿದಾಯಿತು. ಒಳಗಿನಿಂದ ಹುಸೇನಪ್ಪನವರ ಕೂಗು ಕೇಳಿಸಿತು, "ಗುರುಪಾದಯ್ಯ! ಬೆರಳು ಚಾಚಿದಳು ಕಣೋ! ನನ್ನ ಕಣ್ಣಾಣೆ, ಚಾಚಿದಳು!" ಬರಿದಾದ ಪರದೆಯ ಮೇಲೆ, ನಿಧಾನವಾಗಿ, ಹ ಬಂತು. ಆಮೇಲೆ ಸ. ಅಲ್ಲಿಗೆ ನಿಂತಿತು.

ಅವಳು ನಿಲ್ಲಿಸಿದ್ದು ನನಗೋಸ್ಕರ. ಅಷ್ಟು ಗೊತ್ತಾಯಿತು, ಆದರೆ ಆ ಗಾಬರಿಯಲ್ಲಿ ನನ್ನ ಬೆರಳು ನನ್ನ ಮಾತು ಕೇಳಬೇಕಲ್ಲ, ಕೊಂಬಿನ ಮೇಲೆ ಬಿತ್ತು. "ಹಸು," ಅಂತ ಓದಿದರು ಗುರುಪಾದಯ್ಯನವರು. "ಯಾರ ಹಸು?" ಅವರ ಬಾಯಿ ಮುಚ್ಚೋ ಮೊದಲೇ ನನ್ನ ಕೊಂಬು ಮಾಯವಾಯಿತು. ಅವಳಿಗೆ ಪರದೆ ಕಾಣೋದಿಲ್ಲ, ನಡುವೆ ಗೋಡೆ ಇದೆ. ಹಸು ಅಂತ ಅವರು ಓದಿದ್ದನ್ನ ಕಿಟಕಿಯಿಂದ ಕೇಳಿಸಿಕೊಂಡಳೋ, ನಾನು ತಪ್ಪೇ ಮಾಡಿರುತ್ತೀನಿ ಅಂತ ಖಾತ್ರಿಯೋ, ಇವತ್ತಿಗೂ ನನಗೆ ತಿಳಿಯದು. ನೆರೆದವರಲ್ಲಿ ಒಬ್ಬಳು "ಅಮ್ಮಾ ತಾಯಿ" ಅಂತ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಕಣ್ಣೊರೆಸಿಕೊಂಡು ಗುಡಿಸು ಕೊಟ್ಟೆ, ವ ಹಾಕಿದೆ, ಅದಕ್ಕೆ ಕೊಂಬು ಕೊಟ್ಟೆ. ಹಸಿವು. ಈ ಸಲ ಅವಳು ಒರೆಸಲಿಲ್ಲ.

"ಅಯ್ಯೋ, ಈಗ ತಾನೇ ಗಂಜಿ ಕುಡಿಸಿದೆನಲ್ಲ!" ಅಂತ ಮಹಾದೇವಿ ಬಾಗಿಲಲ್ಲಿ ನಿಂತು ಅಳುತ್ತಾ ಅಂದಳು. ಪರದೆಯ ಮೇಲೆ ಗ ಬಂತು. ನಾನು ಸೊನ್ನೆ ಇಟ್ಟೆ. ಜ ಬಂತು, ಗುಡಿಸು ಕೊಟ್ಟೆ. ಬ ಬಂತು, ಏತ್ವ ಕೊಟ್ಟು ಎಳೆದೆ. ಅವಳು ಒಂದು, ನಾನು ಒಂದು, ಅವಳು ಒಂದು, ನಾನು ಒಂದು. ಗೋಡೆ ಇದೆ ಅನ್ನೋದೇ ಮರೆತುಹೋಯಿತು. ಕೊನೆಗೆ ಅವಳ ಡ ಬಂದು ಕೂತಿತು. ಗುರುಪಾದಯ್ಯನವರು ಇಡೀ ಬೀದಿಗೆ ಕೇಳೋ ಹಾಗೆ ಓದಿದರು: "ಗಂಜಿ ಬೇಡ." ಜನ ನಕ್ಕರು, ಅತ್ತರು, ಎರಡೂ ಒಟ್ಟಿಗೆ. ಎಣ್ಣೆಗಾಣದ ಕೇರಿಯವಳು ಯಾರೂ ಹೇಳದೆಯೇ ಬಟ್ಟಲು ಎತ್ತಿಕೊಂಡು ಹೋಗಿ ಅರಿಶಿನದ ನೀರನ್ನ ಚರಂಡಿಗೆ ಚೆಲ್ಲಿ ಬಂದಳು.

ಜನರ ಗದ್ದಲದಲ್ಲಿ ಪರದೆ ನೋಡುತ್ತಿದ್ದವಳು ನಾನೊಬ್ಬಳೇ. ಕಡ್ಡಿ ಹೊಸ ಸಾಲಿಗೆ ಇಳಿಯಿತು. ಅಲ್ಲಿ ಮತ್ತೆ ಒಂದು ಬ ಬಂತು. ಅದರ ಮುಂದೆ ಇನ್ನೇನೂ ಬರಲಿಲ್ಲ. ಕಡ್ಡಿ ಮಿಟುಕುತ್ತಾ ನಿಂತಿತು. ನಾನು ನನ್ನ ಹೋಳನ್ನ ಜಗಲಿ ಮೇಲೆ ಇಟ್ಟು ಎದ್ದೆ. "ಅಂಬುಜಮ್ಮ, ಇನ್ನೊಂದೇನೋ ಬಂದಿದೆ, ಬರೀ ಬ ಇದೆ. ನಿಮ್ಮದು ಬಾಕಿ, ದೀರ್ಘ ಹಾಕಿ ಹೋಗಿ," ಅಂತ ಗುರುಪಾದಯ್ಯನವರು ಹಿಂದಿನಿಂದ ಕೂಗಿದರು. ನಾನಾಗಲೇ ಹೊಸಿಲು ದಾಟಿದ್ದೆ.